ನಿಲ್ದಾಣದಿಂದ ಮನೆಯವರೆಗಿನ ಹಾದಿ: ಕುಂದಾಪುರ, ಬೈಂದೂರು, ಬ್ರಹ್ಮಾವರದ ರೈಲು ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆ

ಕುಂದಾಪುರ ರೈಲು ನಿಲ್ದಾಣವಿರುವುದು ಕುಂದಾಪುರ ಪೇಟೆಯಲ್ಲಲ್ಲ. ಶಾಸ್ತ್ರಿ ವೃತ್ತದಿಂದ ನಾಲ್ಕೈದು ಕಿ.ಮೀ. ಒಳಗೆ, ಮೂಡ್ಲಕಟ್ಟೆಯಲ್ಲಿ. ಅದರ ಸಮೀಪದಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟ ಇಂಜಿನಿಯರಿಂಗ್ ಕಾಲೇಜೊಂದು 2004ರಲ್ಲಿ ಆರಂಭವಾಯಿತು. ಹಗಲಿನಲ್ಲಿ ವಿದ್ಯಾರ್ಥಿಗಳ ಓಡಾಟದಿಂದ ತುಂಬಿರುವ ಈ ಹಾದಿ ಕತ್ತಲಾದ ಮೇಲೆ ಬೇರೆಯೇ ಆಗುತ್ತದೆ. ರೈಲು ಬಂದ ಹತ್ತು ನಿಮಿಷ ಗದ್ದಲ, ಬಳಿಕ ಮೌನ. ಆ ಹತ್ತು ನಿಮಿಷದೊಳಗೆ ಆಟೋ ಹಿಡಿಯಲಾಗದ ಒಂಟಿ ಪ್ರಯಾಣಿಕರ, ಅದರಲ್ಲೂ ಹೆಣ್ಣುಮಕ್ಕಳ ಆತಂಕವೇ ಈ ಭಾಗದಲ್ಲಿ ರೈಲು ನಿಲ್ದಾಣದ ಸುರಕ್ಷತೆಯ ಬಗೆಗಿನ ಮಾತಿಗೆ ಮೂಲ.

ಕರಾವಳಿಗೆ ಕೊಂಕಣ ರೈಲ್ವೆ ಬಂದ ಕಾಲವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. 1990ರಲ್ಲಿ ನಿಗಮ ಸ್ಥಾಪನೆಯಾಯಿತು. 1993ರ ಮಾರ್ಚ್‌ನಲ್ಲಿ ದಕ್ಷಿಣದ ತೋಕೂರಿನಿಂದ ಉಡುಪಿಯವರೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಅದೇ ವರ್ಷ ಮಣಿಪಾಲದ ಶಿಕ್ಷಣ ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಉಡುಪಿ ನಿಲ್ದಾಣವಿರುವ ಇಂದ್ರಾಳಿಯು ಉಡುಪಿ ಮತ್ತು ಮಣಿಪಾಲಗಳ ನಡುವೆಯೇ ಇದ್ದು, ಹೀಗೆ ವಿಶ್ವವಿದ್ಯಾಲಯವೂ ರೈಲು ನಿಲ್ದಾಣವೂ ಒಟ್ಟೊಟ್ಟಿಗೆ ಬೆಳೆದವು. ಇಡೀ ಮಾರ್ಗ ಪೂರ್ಣಗೊಂಡದ್ದು 1998ರಲ್ಲಿ. ಹೆದ್ದಾರಿಯು ಪೇಟೆಗಳನ್ನು ಪೋಣಿಸಿಕೊಂಡು ಸಾಗಿದರೆ, ಹಳಿ ಅದಕ್ಕೆ ಪೂರ್ವದಲ್ಲಿ ಗದ್ದೆ-ಹಾಡಿಗಳ ನಡುವೆ ಹಾದುಹೋಯಿತು. ನಿಲ್ದಾಣದ ಸುತ್ತ ಪೇಟೆ ಬೆಳೆಯಲೇ ಇಲ್ಲ ಎನ್ನುವುದು ಸರಿಯಲ್ಲವಾದರೂ, ಬೆಳೆದದ್ದು ಬಹಳ ನಿಧಾನವಾಗಿ.

ಮೂರೂ ತಾಲೂಕುಗಳ ಸ್ಥಿತಿ ಒಂದೇ ತೆರನಾಗಿಲ್ಲ. ಬ್ರಹ್ಮಾವರದ ಹೆಸರಿನಲ್ಲಿ ನಿಲ್ದಾಣವೇ ಇಲ್ಲ. ಅಲ್ಲಿನವರು ಬಾರ್ಕೂರಿಗೆ ಹೋಗಬೇಕು, ಇಲ್ಲವೇ ಇಂದ್ರಾಳಿಗೆ. ಬಾರ್ಕೂರಿನಲ್ಲಿ ನಿಲ್ಲುವ ರೈಲುಗಳು ಕೆಲವೇ ಆದ್ದರಿಂದ ಬಾಡಿಗೆಗೆ ಕಾಯುವ ಆಟೋಗಳೂ ಕಡಿಮೆ. ಬೈಂದೂರಿನ ನಿಲ್ದಾಣಕ್ಕೆ ‘ಮೂಕಾಂಬಿಕಾ ರೋಡ್ ಬೈಂದೂರು’ ಎಂಬ ಹೆಸರಿದೆ. ಪೇಟೆಗೆ ಹತ್ತಿರ ಇರುವುದು ಮಾತ್ರವಲ್ಲ, ಕೊಲ್ಲೂರಿಗೆ ಹೋಗುವ ಯಾತ್ರಿಕರು, ಮುಖ್ಯವಾಗಿ ಕೇರಳದವರು, ಹೊತ್ತಲ್ಲದ ಹೊತ್ತಿನಲ್ಲೂ ಇಳಿಯುವುದರಿಂದ ಅಲ್ಲಿ ಜನರಿರುತ್ತಾರೆ, ವಾಹನವಿರುತ್ತದೆ. ಊರಿನ ಹುಡುಗಿಯೊಬ್ಬಳು ನಿರ್ಭಯವಾಗಿ ರೈಲಿನಿಂದ ಇಳಿಯುವುದಕ್ಕೆ ದೂರದ ಯಾತ್ರಿಕರ ಜಂಗುಳಿ ಕಾರಣವಾಗುತ್ತದೆಂದರೆ ವಿಚಿತ್ರವೆನಿಸಬಹುದು. ಆದರೆ ಸುರಕ್ಷತೆಯ ಭಾವನೆ ಹುಟ್ಟುವುದೇ ಹೀಗೆ.

ರೈಲುಗಳ ವೇಳೆಯದೂ ಒಂದು ಸಮಸ್ಯೆ. ಬೆಂಗಳೂರು-ಕಾರವಾರ ನಡುವೆ 2020ರಲ್ಲಿ ಆರಂಭವಾದ ಪಂಚಗಂಗಾ ಎಕ್ಸ್‌ಪ್ರೆಸ್ ಕುಂದಾಪುರದವರ ಬಹುಕಾಲದ ಬೇಡಿಕೆಯನ್ನು ಪೂರೈಸಿತು. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳು ವಾರಾಂತ್ಯಕ್ಕೆ ಊರಿಗೆ ಬರುವುದು ಈ ರೈಲಿನಲ್ಲೇ. ಅದು ಇಲ್ಲಿಗೆ ತಲಪುವುದು ಬೆಳಗಿನ ಜಾವ, ಮೊದಲ ಬಸ್ಸಿಗೂ ಮುಂಚೆ. ಕೊಂಕಣ ರೈಲ್ವೆ ಬಹುಪಾಲು ಒಂಟಿ ಹಳಿಯ ಮಾರ್ಗವಾದ್ದರಿಂದ ಎದುರಿನ ರೈಲಿಗೆ ದಾರಿ ಬಿಡುವುದರಲ್ಲೇ ಸಮಯ ಹೋಗುತ್ತದೆ. ಮಳೆಗಾಲದಲ್ಲಿ ವೇಗ ತಗ್ಗಿಸಿ ಪ್ರತ್ಯೇಕ ವೇಳಾಪಟ್ಟಿಯನ್ನು ಜಾರಿಗೆ ತರಲಾಗುತ್ತದೆ. ಸಂಜೆಯ ರೈಲು ಒಂದು ಗಂಟೆ ತಡವಾದರೆ ಅದು ರಾತ್ರಿಯ ರೈಲಾಗುತ್ತದೆ. ಕರಾವಳಿಯಲ್ಲಿ ಬಸ್ ಸಂಚಾರ ಹೆಚ್ಚಾಗಿ ಖಾಸಗಿಯವರ ಕೈಯಲ್ಲಿದ್ದು, ಒಳಮಾರ್ಗಗಳ ಸರ್ವಿಸ್ ಬಸ್‌ಗಳು ಸಂಜೆಯಾಗುತ್ತಲೇ ವಿರಳವಾಗುತ್ತವೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್‌ಗಳಿಗೆ ಸೀಮಿತವಾದ್ದರಿಂದ, ಸರಕಾರಿ ಬಸ್ಸೇ ಓಡದ ರಸ್ತೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಉಳಿಯುವುದು ಆಟೋ, ಇಲ್ಲವೇ ಮನೆಯಿಂದ ಬೈಕಿನಲ್ಲಿ ಬರುವ ಅಣ್ಣ ಅಥವಾ ಅಪ್ಪ.

ಭಯದ ಹಿನ್ನೆಲೆ

‘ಹೊತ್ತ್ ಕಂತುಕ್ ಮುಂಚೆ ಮನಿ ಸೇರ್ಕ್’ ಎಂದು ಹಿರಿಯರು ಹೇಳುವುದು ಕುಂದಾಪುರ ಸೀಮೆಯಲ್ಲಿ ಹೊಸತೇನಲ್ಲ. ಆದರೆ ಈ ಮಾತಿಗೆ ಹೊಸ ತೂಕ ಬಂದದ್ದು ಎರಡು ಘಟನೆಗಳಿಂದ. 2013ರ ಜೂನ್‌ನಲ್ಲಿ ಮಣಿಪಾಲದಲ್ಲಿ ರಾತ್ರಿ ಗ್ರಂಥಾಲಯದಿಂದ ಮರಳುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳನ್ನು ಆಟೋದಲ್ಲಿ ಅಪಹರಿಸಿ ಸಾಮೂಹಿಕ ಅತ್ಯಾಚಾರ ಎಸಗಲಾಯಿತು. 2015ರ ಜೂನ್‌ನಲ್ಲಿ ಬೈಂದೂರು ಬಳಿಯ ಹೇನಬೇರಿನಲ್ಲಿ ಕಾಲೇಜು ಮುಗಿಸಿ ಒಳದಾರಿಯಲ್ಲಿ ಮನೆಗೆ ನಡೆದುಹೋಗುತ್ತಿದ್ದ ಪದವಿಪೂರ್ವ ವಿದ್ಯಾರ್ಥಿನಿಯ ಕೊಲೆಯಾಯಿತು. ಎರಡೂ ಪ್ರಕರಣಗಳು ಜಿಲ್ಲೆಯಾದ್ಯಂತ ಪ್ರತಿಭಟನೆಗೆ ಕಾರಣವಾದವು.

ಇವೆರಡರಲ್ಲಿ ಒಂದೂ ರೈಲು ನಿಲ್ದಾಣದಲ್ಲಿ ನಡೆದದ್ದಲ್ಲ ಎಂಬುದನ್ನು ಗಮನಿಸಬೇಕು. ಒಂದು ನಡೆದದ್ದು ವಿಶ್ವವಿದ್ಯಾಲಯದ ಪಟ್ಟಣದ ರಸ್ತೆಯಲ್ಲಿ, ಇನ್ನೊಂದು ಊರಿನ ಕಾಲುದಾರಿಯಲ್ಲಿ. ಹಾಗಿದ್ದರೂ ಭಯ ಬಂದು ನೆಲೆಸಿದ್ದು ನಿಲ್ದಾಣದಂಥ ಸ್ಥಳಗಳಲ್ಲಿ. ಕಾರಣ ಸರಳ. ಮೊದಲನೆಯದು ಜನರಿಗೆ ಕಲಿಸಿದ್ದು ಆಟೋವನ್ನು ಶಂಕಿಸಲು. ಎರಡನೆಯದು ನಿರ್ಜನ ದಾರಿಗೆ ಅಂಜಲು. ರಾತ್ರಿ ನಿಲ್ದಾಣದ ಹೊರಗೆ ನಿಂತವಳಿಗೆ ಇರುವ ಆಯ್ಕೆಗಳು ಈ ಎರಡೇ. ಬಹುತೇಕ ಆಟೋ ಚಾಲಕರು ಊರಿನವರೇ, ಮುಖಪರಿಚಯವಿದ್ದವರೇ. ರಾತ್ರಿ ರೈಲಿಗಾಗಿ ನಿದ್ದೆಗೆಟ್ಟು ಕಾಯುವ ಅವರಿಗೆ ಈ ಶಂಕೆಯಿಂದ ನೋವಾಗುವುದು ಸಹಜ.

ಭಾವನೆ ಬೇರೆ, ವಾಸ್ತವ ಬೇರೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಭಾವನೆಗೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ದಿಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕುರಿತ ಅಧ್ಯಯನದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಹೋಗಿಬರುವ ದಾರಿ ಸುರಕ್ಷಿತವೆನಿಸಿದರೆ, ತಮ್ಮ ಅಂಕಗಳಿಗೆ ದೊರೆಯಬಹುದಾದ ಉತ್ತಮ ಕಾಲೇಜನ್ನು ಬಿಟ್ಟು ಕೆಳದರ್ಜೆಯ ಕಾಲೇಜನ್ನು ಆರಿಸಿಕೊಳ್ಳಲು ವಿದ್ಯಾರ್ಥಿನಿಯರು ಸಿದ್ಧರಿದ್ದರು. ಸುರಕ್ಷಿತ ದಾರಿಗಾಗಿ ವರ್ಷಕ್ಕೆ 18,800 ರೂ. ಹೆಚ್ಚುವರಿ ಪ್ರಯಾಣ ವೆಚ್ಚ ಭರಿಸಲೂ ತಯಾರಿದ್ದರು. ಹುಡುಗರಲ್ಲಿ ಈ ಪ್ರವೃತ್ತಿ ತೀರಾ ಕಡಿಮೆ. ಕುಂದಾಪುರದ ಮನೆಗಳಲ್ಲಿ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ‘ಅಷ್ಟು ದೂರ ಬೇಡ, ಇಲ್ಲೇ ಓದಲಿ’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ.

ಯಾವುದು ಧೈರ್ಯ ಕೊಡುತ್ತದೆ?

2013ರಲ್ಲಿ ದಿಲ್ಲಿಯಲ್ಲಿ ಆರಂಭವಾದ ‘ಸೇಫ್ಟಿಪಿನ್’ ಎಂಬ ಮೊಬೈಲ್ ತಂತ್ರಾಂಶವು ಒಂದು ಸ್ಥಳದ ಸುರಕ್ಷತೆಯನ್ನು ಅಳೆಯಲು ಬೆಳಕು, ನೋಟಕ್ಕೆ ತೆರೆದಿರುವಿಕೆ, ಆಸುಪಾಸಿನ ಮನೆ-ಅಂಗಡಿಗಳಿಂದ ಕಣ್ಣಿಗೆ ಬೀಳುವಂತಿರುವುದು, ಜನಸಂಚಾರ, ಅವರಲ್ಲಿ ಹೆಂಗಸರ ಪ್ರಮಾಣ, ಕಾಲುದಾರಿ, ವಾಹನ ಸೌಲಭ್ಯ, ಕಾವಲು ಮುಂತಾದ ಅಂಶಗಳನ್ನು ಬಳಸುತ್ತದೆ. ಇವುಗಳಲ್ಲಿ ಪೊಲೀಸ್ ಕಾವಲು ಒಂದು ಮಾತ್ರ. ಈ ಅಳತೆಗೋಲು ಹಿಡಿದು ನೋಡಿದರೆ ನಮ್ಮ ನಿಲ್ದಾಣಗಳ ಪ್ಲಾಟ್‌ಫಾರಂಗಳು ಪಾಸಾಗುತ್ತವೆ: ದೀಪವಿದೆ, ಸ್ಟೇಷನ್ ಮಾಸ್ತರರಿದ್ದಾರೆ. ತೊಂದರೆ ಶುರುವಾಗುವುದು ಗೇಟು ದಾಟಿದ ನಂತರ. ತೆರೆದಿರುವ ಒಂದು ಗೂಡಂಗಡಿ, ಒಂದು ಚಹಾದ ಹೋಟೆಲು ಅಲ್ಲಿ ಮಾಡುವ ಕೆಲಸವನ್ನು ಹತ್ತು ಸಿಸಿ ಕ್ಯಾಮೆರಾಗಳು ಮಾಡಲಾರವು. ಕ್ಯಾಮೆರಾ ಬೇಡವೆಂದಲ್ಲ. ಅದು ನಡೆದದ್ದನ್ನು ದಾಖಲಿಸುತ್ತದೆ, ಕೂಗಿದರೆ ಓಡಿಬರುವುದಿಲ್ಲ.

ಗೇಟಿನ ಆಚೆಗೆ ಹೊಣೆಯೂ ಹಂಚಿಹೋಗುತ್ತದೆ. ನಿಲ್ದಾಣದ ಆವರಣ ರೈಲ್ವೆಯದ್ದು. ಊರಿನೊಳಗಿನ ಬೀದಿದೀಪ ಪಂಚಾಯತಿನದ್ದು. ಬಸ್ಸಿನ ಪರ್ಮಿಟ್ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿ. ರೈಲಿನ ವೇಳೆಗೆ ಸರಿಯಾಗಿ ಬಸ್ ಓಡಿಸುವಂತೆ ಯಾರನ್ನು ಕೇಳಬೇಕೆಂಬುದೇ ಸಾಮಾನ್ಯ ಪ್ರಯಾಣಿಕನಿಗೆ ತಿಳಿಯದು.

ದೂರಿನ ವಿಷಯದಲ್ಲೂ ಇದೇ ಗೊಂದಲವಿದೆ. ರೈಲ್ವೆ ರಕ್ಷಣಾ ಪಡೆ ನೋಡಿಕೊಳ್ಳುವುದು ರೈಲ್ವೆಯ ಆಸ್ತಿ ಮತ್ತು ರೈಲ್ವೆ ಕಾಯಿದೆಯಡಿಯ ಅಪರಾಧಗಳನ್ನು. ಕಳವು, ಹಲ್ಲೆ, ಲೈಂಗಿಕ ಕಿರುಕುಳದಂಥ ಅಪರಾಧಗಳ ಪ್ರಕರಣ ದಾಖಲಿಸಿ ತನಿಖೆ ನಡೆಸುವುದು ರಾಜ್ಯದ ಪೊಲೀಸರು. ರೈಲು ಚಲಿಸುತ್ತಿರುವಾಗ ಕೃತ್ಯ ನಡೆದರೆ ಅದು ಯಾವ ಠಾಣೆಯ ಸರಹದ್ದು ಎಂಬ ಪ್ರಶ್ನೆಯಲ್ಲೇ ದೂರುದಾರರು ಬಳಲುತ್ತಿದ್ದ ಕಾಲವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಗಂಭೀರ ಅಪರಾಧದ ಮಾಹಿತಿಯನ್ನು ಕೃತ್ಯ ನಡೆದ ಸ್ಥಳ ಯಾವುದೇ ಇದ್ದರೂ ಯಾವ ಠಾಣೆಯಲ್ಲಾದರೂ ನೀಡಬಹುದು. ‘ಜೀರೋ ಎಫ್‌ಐಆರ್’ ಎಂದು ಕರೆಯಲಾಗುತ್ತಿದ್ದ ಪದ್ಧತಿಗೆ ಇದರಿಂದ ಕಾನೂನಿನ ಬಲ ದೊರೆತಿದೆ. ರೈಲಿನಲ್ಲಿದ್ದಾಗ ನೆರವಿಗೆ 139 ಸಂಖ್ಯೆಗೆ ಕರೆ ಮಾಡಬೇಕು. ಹಿಂದಿನ 182 ಸಹಾಯವಾಣಿಯನ್ನು 2021ರಲ್ಲಿ ಇದರಲ್ಲೇ ವಿಲೀನಗೊಳಿಸಲಾಯಿತು. ನಿಲ್ದಾಣದ ಹೊರಗೆ ತುರ್ತು ಸೇವೆಯ ಸಂಖ್ಯೆ 112.

ಮಹಿಳೆಯರಿಗೆ ಮೀಸಲಾದ ಬೋಗಿಯನ್ನು ಪುರುಷರು ಪ್ರವೇಶಿಸಿದರೆ ರೈಲ್ವೆ ಕಾಯಿದೆ, 1989ರ 162ನೇ ಕಲಮಿನಡಿ 500 ರೂ. ವರೆಗೆ ದಂಡ ವಿಧಿಸಬಹುದು. ಇದು ಬಹುತೇಕರಿಗೆ ಗೊತ್ತು. ಅದೇ ಕಾಯಿದೆಯ 139ನೇ ಕಲಮು ಅಷ್ಟು ಪ್ರಚಾರ ಪಡೆದಿಲ್ಲ. ಟಿಕೆಟ್ ಇಲ್ಲದೆ ಪ್ರಯಾಣಿಸುತ್ತಿರುವ ಒಂಟಿ ಮಹಿಳೆಯನ್ನಾಗಲಿ ಮಗುವನ್ನಾಗಲಿ ರೈಲಿನಿಂದ ಇಳಿಸುವುದಿದ್ದರೆ, ಅವರು ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ ಇಳಿಸಬಹುದು, ಅದೂ ಹಗಲಿನಲ್ಲಿ. ಅಂದರೆ ದೂರದ ಊರಿನಿಂದ ಹತ್ತಿ ಬಂದವಳನ್ನು ಬಾರ್ಕೂರಿನಲ್ಲಾಗಲಿ ಕುಂದಾಪುರದಲ್ಲಾಗಲಿ ಬೈಂದೂರಿನಲ್ಲಾಗಲಿ ಇಳಿಸುವಂತಿಲ್ಲ. ಈ ಜಿಲ್ಲೆಯ ಮಟ್ಟಿಗೆ ಇಳಿಸಬಹುದಾದದ್ದು ಇಂದ್ರಾಳಿಯಲ್ಲಿ, ಹಗಲು ಹೊತ್ತಿನಲ್ಲಿ ಮಾತ್ರ.