ಎಡೆದೊರೆನಾಡಿನ ಕಾಳಗ: ಇಬ್ಬರು ಪ್ರಶಸ್ತಿಕಾರರ ಸಂವಾದ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆನಾಡು ಇಂದಿನ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆ. ಇಲ್ಲಿ ಚಾಲುಕ್ಯ ಇಮ್ಮಡಿ ಜಯಸಿಂಹನಿಗೂ ರಾಜೇಂದ್ರಚೋಳನಿಗೂ ನಡೆದ ಕಾಳಗವನ್ನು ಉಭಯ ಪಕ್ಷಗಳ ಪ್ರಶಸ್ತಿಕಾರರೂ ಬಣ್ಣಿಸಿದ್ದಾರೆ. ಅವರ ಮಾತುಗಳನ್ನು ಎದುರುಬದುರಾಗಿ ಇರಿಸಿದರೆ ಕಲ್ಪನೆ ಬರವಣಿಗೆಗಳನ್ನು ಕುರಿತ ಒಂದು ಸಂವಾದವೇ ನಮಗೆ ಕೇಳಿಸುತ್ತದೆ.

ತಮಿಳು ಪ್ರಶಸ್ತಿಯ ಪ್ರಕಾರ, ಜಯಸಿಂಹನು ಮುಸಂಗಿಯಲ್ಲಿ ಬೆನ್ನು ತೋರಿಸಿ ಅಡಗಿದನು. ರಟ್ಟಪಾಡಿ ಏಳೂವರೆ ಲಕ್ಷವೂ ಚೋಳನ ವಶವಾಯಿತು. ಈ ಮುಸಂಗಿಯನ್ನು ಹಲವು ವಿದ್ವಾಂಸರು ಮಸ್ಕಿಯೆಂದು ಗುರುತಿಸಿದ್ದಾರೆ. 1024ರ ಮೀರಜ್ ತಾಮ್ರಶಾಸನವಾದರೋ, ಜಯಸಿಂಹನೇ ಪ್ರಬಲನಾದ ಚೋಳನನ್ನು ಹೊರದೂಡಿದನೆನ್ನುತ್ತದೆ.

ಇವರಲ್ಲಿ ಯಾರನ್ನು ನಂಬೋಣ? ಜಯಸಿಂಹನು ಸುಮಾರು 1042ರವರೆಗೆ ಆಳಿದನು. ಆದುದರಿಂದ ರಟ್ಟಪಾಡಿಯೆಲ್ಲವೂ ಕೈತಪ್ಪಲಿಲ್ಲ. ರಾಜೇಂದ್ರನು 1044ರವರೆಗೂ ಆಳಿದನು. ಆದುದರಿಂದ ಚೋಳನೂ ಮುರಿದುಬೀಳಲಿಲ್ಲ. ತುಂಗಭದ್ರೆಯೇ ಎಲ್ಲೆಯಾಗಿ ಉಳಿಯಿತೆಂಬ ಇತಿಹಾಸಕಾರರ ಅಭಿಪ್ರಾಯ ಯುಕ್ತವೆಂದು ತೋರುತ್ತದೆ.

ಕಪಿಗಳು ಕಡಲಿಗೆ ಸೇತುವೆ ಕಟ್ಟಿರಲಿ, ಬಿಡಲಿ, ಕವಿಗಳಂತೂ ಕಟ್ಟಿದರು ಎಂಬರ್ಥದ ಮಾತನ್ನು ಹನ್ನೆರಡನೆಯ ಶತಮಾನದ ನೇಮಿಚಂದ್ರ ಆಡಿದ್ದಾನೆ. ಪ್ರಶಸ್ತಿಕಾರರೂ ಆ ಕುಲದವರೇ. ಆದರೆ ಕಾವ್ಯಕ್ಕೆ ಭೂಷಣವಾದ ಈ ಸ್ವಾತಂತ್ರ್ಯ ಶಾಸನದಲ್ಲಿ ಪ್ರಭುವಿನ ಹಕ್ಕುಪತ್ರವಾಗುತ್ತದೆ. ರಣದಲ್ಲಿ ದೊರೆಯದ ನೆಲ ಬರವಣಿಗೆಯಲ್ಲಿ ದೊರೆಯುತ್ತದೆ.

ಹಾಗೆಂದು ಪ್ರಶಸ್ತಿಗಳನ್ನು ಕಟ್ಟುಕಥೆಯೆಂದು ತಳ್ಳಿಬಿಡುವುದು ಸಲ್ಲದು. ಇಬ್ಬರೂ ಎದುರಾಳಿಯನ್ನು ಹೆಸರಿಸುತ್ತಾರೆ. ಯುದ್ಧ ನಡೆದುದನ್ನು ಒಪ್ಪುತ್ತಾರೆ. ಭೇದವಿರುವುದು ಫಲದಲ್ಲಿ ಮಾತ್ರ. ವೈರಿಗಳಿಬ್ಬರ ಮಾತು ಕೂಡುವೆಡೆಯಲ್ಲಿ ನಾವು ಧೈರ್ಯವಾಗಿ ಕಾಲೂರಬಹುದು. ಅಗಲುವೆಡೆಯಲ್ಲಿ ಮುಂದಿನ ಘಟನೆಗಳನ್ನೇ ಸಾಕ್ಷಿಗೆ ಕರೆಯಬೇಕು.