ಕಜ್ಜಿನಾಯಿಯೂ ಪಥ್ಯದ ಪರೀಕ್ಷೆಯೂ

'ಕಜ್ಜಿನಾಯಿ' ಎಂಬುದು ಬೈಗುಳವಾಗಿ ಬಹುಕಾಲವಾಯಿತು. ಅಮ್ಮಸಂದ್ರ, ತುರುವೇಕೆರೆ, ತಿಪಟೂರಿನ ತೆಂಗಿನ ಸೀಮೆಯಲ್ಲಿ ತೋಟ ಕಾಯುವ ನಾಯಿಗೆ ಕೂದಲುದುರಿ ಮೈ ಕೆಂಪಾದರೆ ಬೇವಿನೆಣ್ಣೆಯನ್ನೋ ಹೊಂಗೆಯೆಣ್ಣೆಯನ್ನೋ ಹಚ್ಚುವುದುಂಟು. ಅದಕ್ಕೂ ಬಗ್ಗದಿದ್ದರೆ ಮನೆಯಿಂದಾಚೆ ಅಟ್ಟುವುದೂ ಉಂಟು. ಆದರೆ ಎಲ್ಲ ತುರಿಕೆಯೂ ಕಜ್ಜಿಯಲ್ಲ. ಕೆಲವೊಮ್ಮೆ ಅದರ ಮೂಲ ನಾಯಿಯ ತಟ್ಟೆಯಲ್ಲೇ ಇರುತ್ತದೆ.

ವಿಜ್ಞಾನಕ್ಕೆ ಈ ದಾರಿ ತೋರಿದ್ದೂ ನಾಯಿಯೇ. 1901-02ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಸಮುದ್ರಜೀವಿಯೊಂದರ ವಿಷವನ್ನು ಅಲ್ಪ ಪ್ರಮಾಣದಲ್ಲಿ ನಾಯಿಗಳಿಗೆ ಚುಚ್ಚಿದರು. ದೇಹ ವಿಷಕ್ಕೆ ಒಗ್ಗೀತೆಂಬುದು ಅವರ ಎಣಿಕೆ. ಕೆಲವು ವಾರಗಳ ಬಳಿಕ ಮತ್ತೆ ಅಲ್ಪ ವಿಷ ಕೊಟ್ಟಾಗ 'ನೆಪ್ಚೂನ್' ಎಂಬ ನಾಯಿ ಅರ್ಧ ಗಂಟೆಯೊಳಗೆ ಸತ್ತಿತು. ಕಾಯಬೇಕಾದ ದೇಹಶಕ್ತಿಯೇ ತಿರುಗಿಬಿದ್ದಿತ್ತು. ಈ ಶೋಧಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. 'ಅಲರ್ಜಿ' ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ರೂಪಿಸಿದ.

ಸಾಕುಪ್ರಾಣಿಯ ಆಹಾರದ ಅಲರ್ಜಿ ಹೀಗೆ ಥಟ್ಟನೆ ಕೊಲ್ಲುವುದು ಅಪರೂಪ. ಅದು ಕಾಡುವ ಬಾಧೆ. ವರ್ಷವಿಡೀ ತುರಿಕೆ, ಪಾದ ನೆಕ್ಕುವುದು, ಕಿವಿ ಸೋರುವುದು, ಕೆಲವೊಮ್ಮೆ ಭೇದಿ, ಇವು ನಾಯಿಗಳಲ್ಲಿ ಕಾಣುವ ಲಕ್ಷಣಗಳು. ಬೆಕ್ಕುಗಳು ಹೆಚ್ಚಾಗಿ ತಲೆ, ಕುತ್ತಿಗೆ ಕೆರೆದುಕೊಳ್ಳುತ್ತವೆ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನಾಯಿಗಳಿಗೆ ಒಗ್ಗದ ಪದಾರ್ಥಗಳಲ್ಲಿ ಮೊದಲಿಗೆ ಬರುವುವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿಮಾಂಸ ಮತ್ತು ಗೋಧಿ.

ಪತ್ತೆ ಹಚ್ಚುವುದು ಹೇಗೆ? ಚಿಗಟ, ಉಣ್ಣೆ, ಕಜ್ಜಿ ಇಲ್ಲವೆಂದು ಪಶುವೈದ್ಯರು ಮೊದಲು ಖಚಿತಪಡಿಸಿಕೊಳ್ಳಬೇಕು. ರಕ್ತಪರೀಕ್ಷೆಯನ್ನು ಇಲ್ಲಿ ನೆಚ್ಚುವಂತಿಲ್ಲ. ಉಳಿಯುವುದು ಪಥ್ಯ. ಪ್ರಾಣಿ ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ವೈದ್ಯರ ಸಲಹೆಯಂತೆ ಸುಮಾರು 8 ವಾರ ಕೊಡಬೇಕು. ತುರಿಕೆ ತಗ್ಗಿದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಆಗ ತುರಿಕೆ ಮರುಕಳಿಸಿದರೆ ಅಲರ್ಜಿ ಖಚಿತ. ಆಮೇಲೆ ಒಂದೊಂದೇ ಪದಾರ್ಥ ಕೊಡುತ್ತ ಒಗ್ಗದ್ದು ಯಾವುದೆಂದು ಗುರುತಿಸಬೇಕು.

ಗಾಯವಾದವರಿಗೆ ಬದನೆಕಾಯಿ ನಂಜು ಎನ್ನುವ ನಾಡಿಗೆ ಪಥ್ಯ ಹೊಸದೇನಲ್ಲ. ಆದರೆ ಇಲ್ಲಿ ಪಥ್ಯವೇ ಪರೀಕ್ಷೆ. ಮುದ್ದೆಗೆ ಬೆರೆಸಿದ ಮಜ್ಜಿಗೆ, ಮಕ್ಕಳು ಎಸೆದ ಒಂದು ಬಿಸ್ಕತ್ತು, ನೆರೆಮನೆಯವರು ಹಾಕಿದ ಎಂಜಲು ಸಾಕು, ವಾರಗಳ ಶ್ರಮ ಕೆಡಲು. ಹಾಗಾಗಿ ಮನೆಮಂದಿಯೆಲ್ಲ ಒಂದೇ ಮಾತಿಗೆ ಬದ್ಧರಾಗಬೇಕು. ವರ್ಷಗಟ್ಟಲೆ ತೋಟ ಕಾಯ್ದ ಜೀವವನ್ನು ಬೀದಿಗಟ್ಟುವ ಮೊದಲು ಎರಡು ತಿಂಗಳ ಈ ತಾಳ್ಮೆ ದೊಡ್ಡದೇನಲ್ಲ.