ಸಂಕಟದ ನಂಬರ್ ಅಮ್ಮಂದು, ಒಟಿಪಿ ಮಗನ ಫೋನಿಗೆ

ಪುಣೆಯಲ್ಲಿರೋ ನಮ್ಮವರ ಮನೆಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತೆ: "ಊರಿಂದ ಅವ್ವನ್ನ ಕರ್ಕೊಂಡು ಬಂದೀವಿ, ಕೀಮೊ ನಡದೈತಿ. ಆಕಿಗೆ ಏನೂ ಹೇಳಿಲ್ಲ, ಗಂಟು ಅಂತ ಅಷ್ಟ ಹೇಳೀವಿ." ಕ್ಯಾನ್ಸರ್ ರೋಗಿಯ ಮನಸ್ಸಿನ ಸಂಕಟ ಆಸ್ಪತ್ರೆಯ ದಾಖಲೆಯೊಳಗೆ ಹೇಗೆ ಬಂತು ಅನ್ನೋ ಇತಿಹಾಸ ಹೇಳೋಕೆ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಈ ಮಾತೇ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಜಿಮ್ಮಿ ಹಾಲಂಡ್ ಅನ್ನೋ ಮನೋವೈದ್ಯೆ 1977ರಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿಯೇ ಒಂದು ಮನೋವೈದ್ಯ ವಿಭಾಗ ಶುರು ಮಾಡಿದರು. ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ಹೇಳಿಸೋ ಪದ್ಧತಿ ಆಸ್ಪತ್ರೆಗಳಲ್ಲಿ ಮೊದಲೇ ಇತ್ತು. ಮನಸ್ಸಿಗೂ ಅದನ್ನೇ ಯಾಕೆ ಕೇಳಬಾರದು? 1998ರಲ್ಲಿ ಆಂಡ್ರ್ಯೂ ರಾತ್, ಹಾಲಂಡ್ ಮತ್ತು ಸಂಗಡಿಗರು ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರ ಮುಂದೆ ಒಂದು ಥರ್ಮಾಮೀಟರ್ ಚಿತ್ರ ಇಟ್ಟು, ಸಂಕಟ ಎಷ್ಟನೇ ಗೆರೆಯಲ್ಲಿದೆ ಅಂತ ಕೇಳಿದರು. "ಖಿನ್ನತೆ ಇದೆಯಾ?" ಅಂದ್ರೆ ಅಲ್ಲೂ ಜನ ಹಿಂಜರೀತಿದ್ರು. ಹಾಗಾಗಿ ಕಳಂಕ ಅಂಟದ 'ಡಿಸ್ಟ್ರೆಸ್' ಅನ್ನೋ ಪದವನ್ನ ಬೇಕಂತಲೇ ಆರಿಸಿಕೊಂಡರು. ಈಗ ಅಂಕಿ 4 ದಾಟಿದರೆ, ಅಥವಾ 4 ಇದ್ದರೂ, ಮುಂದೆ ವಿಚಾರಿಸಬೇಕು ಅನ್ನೋದು ರೂಢಿ. ಜೊತೆಗೊಂದು ಪಟ್ಟಿ ಇರುತ್ತೆ: ನಿದ್ದೆ, ಹಣ, ಓಡಾಟ, ಮಕ್ಕಳನ್ನ ನೋಡಿಕೊಳ್ಳೋದು. ನನಗೆ ಅಂಕಿಗಿಂತ ಈ ಪಟ್ಟಿ ಮುಖ್ಯ ಅನಿಸುತ್ತೆ. ಎಷ್ಟೋ ಸಲ ಸಂಕಟದ ಬೇರು ಬಸ್ಸಿನ ಖರ್ಚಿನಲ್ಲೇ ಇರುತ್ತೆ.

ಕಾಗದದಲ್ಲಿ ಬರೆದ ಅಂಕಿ ಫೈಲಿನಲ್ಲೇ ಮಲಗಿಬಿಡೋದು ಸುಲಭ. 2009ರ ಕಾನೂನಿನ ನಂತರ ಅಮೆರಿಕದ ಆಸ್ಪತ್ರೆಗಳು ಎಲೆಕ್ಟ್ರಾನಿಕ್ ದಾಖಲೆಗೆ ತಿರುಗಿದವು. 2015ರಿಂದ ಅಲ್ಲಿನ ಕಮಿಷನ್ ಆನ್ ಕ್ಯಾನ್ಸರ್ ತನ್ನ ಮಾನ್ಯತೆ ಬೇಕಾದ ಆಸ್ಪತ್ರೆಗಳಿಗೆ ಈ ತಪಾಸಣೆ ಕಡ್ಡಾಯ ಮಾಡಿತು. ರೋಗಿ ಟ್ಯಾಬ್ಲೆಟ್‌ನಲ್ಲಿ 7 ಒತ್ತಿದರೆ ಸಮಾಜ ಕಾರ್ಯಕರ್ತರ ಪರದೆಯಲ್ಲಿ ಅಲರ್ಟ್ ಮೂಡೋ ಹಾಗೆ ಮಾಡಬಹುದು. ಹಿಂಜವಡಿಯಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಟಿಕೆಟ್ ಮುಚ್ಚೋ ನಮ್ಮವರು ಇಂಥ ಫೀಲ್ಡ್‌ಗಳನ್ನ ನೋಡಿಯೂ ಇರ್ತೀರಿ. ಅಲರ್ಟ್ ಬಂದ ಮೇಲೆ ಎದ್ದು ಬರೋ ಮನುಷ್ಯ ಇಲ್ಲದಿದ್ರೆ ಅದು ಬರೀ ಫೀಲ್ಡ್, ಬಿಡಿ.

ನಮ್ಮ ದೇಶದ ಕಥೆಯಲ್ಲಿ ಪುಣೆಗೇ ದೊಡ್ಡ ಪಾತ್ರ ಇದೆ. ಪರಮ್ ಸೂಪರ್‌ಕಂಪ್ಯೂಟರ್ ಕಟ್ಟಿದ ಸಿ-ಡ್ಯಾಕ್ ಇಲ್ಲಿಯದು. ಆರೋಗ್ಯ ದಾಖಲೆಗಳ ಮಾನದಂಡವನ್ನ ಕೇಂದ್ರ ಸರ್ಕಾರ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿತು. ಅದಕ್ಕೆ ಬೆಂಬಲ ಕೊಡೋ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಪುಣೆಯ ಸಿ-ಡ್ಯಾಕ್‌ನಲ್ಲೇ ಇದೆ. ರೋಗಲಕ್ಷಣಗಳಿಗೆಲ್ಲ ಸಂಕೇತ ಕೊಡೋ ಸ್ನೋಮೆಡ್ ಪದಕೋಶ ಭಾರತದಲ್ಲಿ ಹಂಚಿಕೆಯಾಗೋದೂ ಅಲ್ಲಿಂದಲೇ.

ಅಂಕಿ ಇಡೋಕೆ ಜಾಗ ಸಿಕ್ಕಿತು. ಪ್ರಶ್ನೆ ಕೇಳೋರು ಯಾರು, ಯಾವ ಭಾಷೆಯಲ್ಲಿ? ಪುಣೆಯ ನರ್ಸ್ "ತ್ರಾಸ್ ಹೋತೋಯ್ ಕಾ?" ಅಂತಾರೆ. ತ್ರಾಸ ನಮ್ಮ ವಿಜಯಪುರದ ಕಡೆಯ ಮಾತೂ ಹೌದು. ಆದರೆ ಅವ್ವ ಅದನ್ನ ಮೈಗೆ ಕೇಳಿದ್ದು ಅಂತ ತಿಳೀತಾಳೆ, "ಏನಿಲ್ರಿ, ಆರಾಮ" ಅಂತಾಳೆ. ಪಕ್ಕದಲ್ಲಿ ಅನುವಾದಕ್ಕೆ ನಿಂತೋನು ಮಗ. ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟೋನು "ನಿನಗ ಹೆದರಿಕಿ ಎಷ್ಟೈತಿ?" ಅಂತ ಹೆಂಗ ಕೇಳ್ತಾನೆ?

ಇದನ್ನ ಬೆಂಗಳೂರು ಮೊದಲೇ ಗಮನಿಸಿತ್ತು. ನಿಮ್ಹಾನ್ಸ್, ಕಿದ್ವಾಯಿ ಎರಡೂ ಅಕ್ಕಪಕ್ಕದ ಸಂಸ್ಥೆಗಳು. ಕ್ಯಾನ್ಸರ್ ರೋಗಿಗಳ ಆತಂಕ, ಖಿನ್ನತೆಗಳನ್ನ ಗುರುತಿಸೋ ಬಗ್ಗೆ ನಿಮ್ಹಾನ್ಸ್‌ನ ಮನೋವೈದ್ಯರು 1990ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಅವರಲ್ಲೊಬ್ಬರಾದ ಸಂತೋಷ್ ಚತುರ್ವೇದಿ, ಮನೆಯವರೂ ವೈದ್ಯರೂ ಸೇರಿ ರೋಗಿಯಿಂದ ಸತ್ಯ ಮುಚ್ಚಿಡೋ ಬಗ್ಗೆ ಆಮೇಲೆ ಬರೆದರು. ಮುಚ್ಚಿಡೋದು ಪ್ರೀತಿಯಿಂದಲೇ, ನಾನು ತೆಗಳ್ತಿಲ್ಲ. ಆದರೆ ಅವ್ವನಿಗೆ ಬಹುತೇಕ ಗೊತ್ತಿರುತ್ತೆ. ಮಗನಿಗೆ ನೋವಾದೀತು ಅಂತ ಅವಳೂ ಸುಮ್ಮನಿರ್ತಾಳೆ.

2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಬಂತು. ಆಭಾ ಖಾತೆ ಎಲ್ಲರಿಗೂ. ನಮ್ಮ ಮನೆಗಳಲ್ಲಿ ಅವ್ವನ ಖಾತೆಗೆ ಜೋಡಿಸಿದ ಮೊಬೈಲ್ ಯಾರದ್ದು? ನಮ್ಮದೇ. ಅವಳು ನರ್ಸ್ ಹತ್ರ ಗುಟ್ಟಾಗಿ ಹೇಳಿದ 8 ಅನ್ನೋ ಅಂಕಿ ನಾಳೆ ಆ ದಾಖಲೆಗೆ ಸೇರಿತು ಅಂದ್ಕೊಳ್ಳಿ, ಅದನ್ನ ಮೊದಲು ಓದೋರು ನಾವು. ಅದು ಗೊತ್ತಾದರೆ ಮುಂದಿನ ಸಲ ಅವಳು 2 ಅಂತಾಳೆ.

ಹಾಗಾಗಿ ನಾನು ಪರಿಚಯದವರಿಗೆ ಹೇಳೋದು ಎರಡೇ. ಕನ್ನಡ ಬಲ್ಲ ಡಾಕ್ಟರೋ ನರ್ಸೋ ಇದ್ದರೆ ಹತ್ತು ನಿಮಿಷ ಅವ್ವನ್ನ ಅವರ ಹತ್ರ ಬಿಟ್ಟು ನೀವು ಹೊರಗೆ ಚಹಾ ಕುಡೀರಿ. ಆಭಾ ಖಾತೆಯಲ್ಲಿ ಮೊಬೈಲ್ ನಂಬರ್ ಬದಲಿಸೋಕೆ ಬರುತ್ತೆ. ಅವ್ವನ ಹತ್ರ ಫೋನಿದ್ದರೆ ಅವಳದ್ದನ್ನೇ ಹಾಕಿ.